ಚಾಕು ಕಾಕಾನ ಕಿವಿ

ಚಾಕು ಕಾಕಾನ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ಹರಿತ ನೋಡಲು ಪ್ರತಿ ಚಾಕುವಿನ ಅಲಗನ್ನೂ ಆ ಉಗುರಿನ ಮೇಲೆ ಎಳೆದು ಎಳೆದು ಆದವು. ಉಗುರು ಬೆಳೆದಂತೆ ಹಳೆಯ ಗೆರೆಗಳು ಮುಂದೆ ಸರಿಯುತ್ತಿದ್ದವು, ಹಿಂದೆ ಹೊಸವು ಬೀಳುತ್ತಿದ್ದವು.

ಐದು ದಿನದ ಹಿಂದೆ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿ, ಕೊಟ್ಟವರಿಗೇ ಮತ್ತೆ ಕೊಟ್ಟು, ಹೆಂಡತಿಯಿಂದ ಬೈಸಿಕೊಂಡೆ. ಕೂಸಿನ ತಲೆದಿಂಬಿನ ಕೆಳಗೆ ಕಬ್ಬಿಣ ಇಡಬೇಕಲ್ಲ, ನನ್ನ ಹಳೆಯ ಮಡಚುವ ಚಾಕು ತಂದಿಟ್ಟೆ. ಇಟ್ಟ ಕೈ ಅಲ್ಲೇ ನಿಂತಿತು. ನಗುತ್ತಿದ್ದವನಿಗೆ ಕಣ್ಣು ತುಂಬಿ ಬಂದವು. ನಾಲ್ಕನೇ ಇಯತ್ತೆ ಕಲಿತವನು ನಾನು. ಆದರೂ ಬರೆಯದೆ ಇರಲಾರೆ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಸಂಶಿ ಸಂತೆಯಲ್ಲಿ ಕಾಕಾ ಬಣ್ಣಗೆಟ್ಟ ನವಲಗುಂದದ ಜಮಖಾನೆ ಹಾಸಿ ಕೂರುತ್ತಿದ್ದ. ಮಾರುತ್ತಿದ್ದದ್ದು ಮಡಚುವ ಚಾಕು ಮಾತ್ರ, ಅದೂ ಕುರಿಯವರು, ಹೊಲದವರು ಕೊಳ್ಳುವಂಥ ಅಗ್ಗದ್ದು. ಹುಬ್ಬಳ್ಳಿಯಿಂದ ಗಂಟು ಬಂದ ಕೂಡಲೇ ಒಂದೊಂದನ್ನೇ ಆರಿಸುತ್ತಿದ್ದ. ಅಲಗು ತೆರೆದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡುವುದು, ಅಲುಗಿದ್ದು ಪಕ್ಕಕ್ಕೆ. ಆಮೇಲೆ ಬಿಸಿಲಿಗೆ ಹಿಡಿದು, ಕೀಲಿನ ಸಂದಿಯಲ್ಲಿ ಬೆಳಕು ಹಾಯುತ್ತದೋ ಎಂದು ನೋಡುವುದು. ಕೊನೆಗೆ ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಹತ್ತು ಸಲ ತೆರೆಯುವುದು, ಮುಚ್ಚುವುದು. ಆಗ ಯಾರಾದರೂ ಮಾತಾಡಿಸಿದರೆ ಕೆಟ್ಟ ಸಿಟ್ಟು.

“ತುಟ್ಟಿ ಚಾಕು ಯಾರರ ಆರಸ್ತಾರಲೇ,” ಎನ್ನುತ್ತಿದ್ದ. “ಸೋವಿ ಚಾಕು ಆರಸಾಕ ಕಿವಿ ಬೇಕು. ಗಟ್ಟಿ ಇದ್ದದ್ದು ಟಕ್ ಅಂತೈತಿ. ಪುಸಕ್ ಅಂತಂದ್ರ, ನಿನ್ನ ಬೆರಳ ತಿನ್ನಾಕ ಕುಂತೈತಿ ಅಂತ ತಿಳಿ.”

ನನಗೂ ಹಾಗೆ ಒಂದನ್ನು ಆರಿಸಿ ಕೊಟ್ಟ. “ಒಯ್ಯಿ, ನಿನ್ನ ಮಕ್ಕಳ ಕೈಗೂ ಬರತೈತಿ.”

“ಮಕ್ಕಳು ಇನ್ನಾ ಹುಟ್ಟೇ ಇಲ್ಲರಿ ಕಾಕಾ.”

“ಹುಟ್ಟತಾವ ತಗೋ. ಚಾಕೂಗೇನ ಅವಸರಿಲ್ಲ.”

ಎರಡು ವಾರಕ್ಕೆ, ಮಟಮಟ ಮಧ್ಯಾಹ್ನ, ಹೆಂಡತಿಗೆ ಬೇನೆ ಶುರುವಾಯಿತು. ಗಡಿಬಿಡಿಯಲ್ಲಿ ಚಕ್ಕಡಿ ಹೂಡಿ ಸಂಶಿಯ ದವಾಖಾನೆಗೆ ಹೊರಟೆ. ಎರೆಹೊಲಗಳ ನಡುವೆ ಬಲಗಾಲಿ ಓಲಾಡತೊಡಗಿತು. ಇಳಿದು ನೋಡಿದರೆ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯೇ ಇಲ್ಲ! ಗಾಡಿ ಹೂಡುವ ಮುಂಚೆ ಕಡಾಣಿ ಮುಟ್ಟಿ ನೋಡಬೇಕೆಂದು ಮಾವ, ಅಂದರೆ ಹೆಂಡತಿಯ ಅಪ್ಪ, ಎಷ್ಟು ಸಲ ಹೇಳಿದ್ದನೋ. ಮೇಲೆ ಅವಳು ಹಲ್ಲು ಕಚ್ಚಿ ನರಳುತ್ತಿದ್ದಳು. ಸುತ್ತ ಒಂದು ಗಿಡವಿಲ್ಲ, ಕಡ್ಡಿಯಿಲ್ಲ. ಕಿಸೆಯ ಚಾಕುವನ್ನು ಮಡಚಿದಂತೆಯೇ ಕಡಾಣಿಯ ತೂತಿಗೆ ತೂರಿಸಿ, ನೀರಿನ ಚರಿಗೆಯಿಂದ ಬಡಿದು, ರುಮಾಲಿನ ಚುಂಗು ಹರಿದು ಬಿಗಿದೆ. ದಾರಿಯುದ್ದಕ್ಕೂ ಗಾಲಿ ಅದನ್ನು ತಿಕ್ಕಿತು, ಗುದ್ದಿತು. ಚಾಕು ಹಿಡಿದ ಜಾಗ ಬಿಡಲಿಲ್ಲ. ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಮಗಳು ಹುಟ್ಟಿದಳು. ಯಾರೂ ನೋಡುವ ಮೊದಲೇ ನಾನು ಬೇರೆ ಕಡಾಣಿ ತಂದು ಹಾಕಿದೆ. ಹೆಂಡತಿಗೂ ಆ ನೋವಿನಲ್ಲಿ ಏನೂ ತಿಳಿದಿರಲಿಲ್ಲ.

ನಾಲ್ಕು ದಿನದ ಮೇಲೆ ಬಾಣಂತಿಯ ನೀರಿಗೆ ಬೇವಿನ ಸೊಪ್ಪು ಕೊಯ್ಯುವಾಗ ಅದೇ ಚಾಕು ಮಡಚಿಕೊಂಡು ನನ್ನ ತೋರುಬೆರಳ ತುದಿ ಕತ್ತರಿಸಿತು. ಗಾಡಿಯ ಭಾರಕ್ಕೆ ಕೀಲು ಸಡಿಲಾಗಿತ್ತು.

ಮುಂದಿನ ಸಂತೆಗೆ ಮೊಮ್ಮಗಳನ್ನು ನೋಡಲು ಬಂದಿದ್ದ ಮಾವನೂ ಜೊತೆಗೆ ಬಂದ.

“ಏನಾತಲೇ ಬೆರಳಿಗೆ?” ಕಾಕಾ ಕೇಳಿದ.

ಪಕ್ಕದಲ್ಲಿ ಮಾವ, ಸುತ್ತ ಊರವರು. ಬೇನೆ ತಿನ್ನುವ ಹೆಂಡತಿಯನ್ನು ಕಡಾಣಿ ಇಲ್ಲದ ಗಾಡಿಯಲ್ಲಿ ಒಯ್ದೆ ಎಂದು ಹೇಗೆ ಹೇಳಲಿ?

“ನಿಮ್ಮ ಚಾಕು ಮಡಚಿಕೊಂಡು ಬಿತ್ತರಿ ಕಾಕಾ.”

“ಕಿವಿಯಾಗ ಹತ್ತಿ ಇಟಗೊಂಡು ಆರಸಿದ್ದೇನೋ ಕಾಕಾ?” ಎಂದು ಒಬ್ಬ ಚುಚ್ಚಿದ. ಮಂದಿ ನಕ್ಕರು. ಇನ್ನೊಬ್ಬ ಕೊಳ್ಳಲು ಹಿಡಿದಿದ್ದ ಚಾಕುವನ್ನು ಜಮಖಾನೆಯ ಮೇಲೆ ತಿರುಗಿ ಇಟ್ಟ.

ಕಾಕಾ ನನ್ನ ಚಾಕು ಇಸಿದುಕೊಂಡ. ಅಲ್ಲಾಡಿಸಿದ, ಬಿಸಿಲಿಗೆ ಹಿಡಿದ, ಕಿವಿಗೆ ಹಿಡಿದ. ಕೀಲಿನ ಸಂದಿಯಲ್ಲಿ ಉಗುರು ಆಡಿಸಿ, ಉಗುರು ಮೂಸಿದ. ನನ್ನ ಮುಖ ನೋಡಿದ, ಮಾವನ ಮುಖ ನೋಡಿದ.

“ಹೌದು ತಮ್ಮಾ. ನನ್ನ ಕಿವಿ ತಪ್ಪೇತಿ,” ಎಂದು ಅದನ್ನು ಕಿಸೆಗೆ ಹಾಕಿಕೊಂಡು, ಬೇರೊಂದನ್ನು ನನ್ನ ಕೈಗಿಟ್ಟ.

ಆ ಮಾತು ಸಂತೆಯಿಂದ ಸಂತೆಗೆ ಹರಡಿತು. ಕಾಕಾನ ಕಿವಿ ಹೋಯಿತೆಂದ ಮೇಲೆ ಅವನ ಚಾಕು ಯಾರಿಗೆ ಬೇಕು? ಮರುವರ್ಷ ಜಮಖಾನೆಯ ಮೇಲೆ ಸೂಜಿ, ಗುಂಡಿ, ಬಾಚಣಿಕೆ ಬಂದವು. ನಾನು ಆ ಸಾಲು ತಪ್ಪಿಸಿ ನಡೆಯುತ್ತಿದ್ದೆ. ಕಣ್ಣಿಗೆ ಬಿದ್ದರೆ ಅವನೇ ಕರೆಯುತ್ತಿದ್ದ: “ಮಗಳು ಹೆಂಗದಾಳಲೇ?” ಅಷ್ಟೇ. ಒಮ್ಮೆ ಅವನ ಕೈ ನೋಡಿದೆ. ಗೆರೆಗಳೆಲ್ಲ ಬೆಳೆದು ಹೋಗಿ, ಆ ಹೆಬ್ಬೆರಳು ಎಲ್ಲರ ಹೆಬ್ಬೆರಳಿನಂತೆ ಆಗಿತ್ತು.

ಬರುವ ಸಂತೆಗೆ ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಲೇ ಮಗಳು ಸಾಲೆಗೆ ಹೋಗುವಷ್ಟಾದಳು. ಒಂದು ಸಂತೆಯ ದಿನ ಕಾಕಾನ ಜಾಗ ಖಾಲಿ ಇತ್ತು. ಕೇಳಿದರೆ, ಎಂಟು ದಿನ ಜ್ವರ ಬಂದು ತೀರಿಕೊಂಡನೆಂದರು.

ಮನೆ ಹುಡುಕಿಕೊಂಡು ಹೋದೆ. ಅವನ ಹೆಂಡತಿ ನನ್ನ ಮೊಂಡು ಬೆರಳು ನೋಡಿಯೇ ಗುರುತು ಹಿಡಿದಳು. ಒಳಗೆ ಹೋಗಿ ಚಾಕು ತಂದು ಕೊಟ್ಟಳು. ಅದೇ ಚಾಕು, ಹೊಸ ಕೀಲು ಬಡಿದದ್ದು.

“ಇದರಾಗ ಗಾಡಿ ಕೀಲೆಣ್ಣಿ ಇತ್ತಂತ,” ಎಂದಳು. “‘ಗಾಡಿ ಹೊತ್ತ ಬಂದ ಚಾಕು ಇದು, ನನ್ನ ಕಿವಿ ತಪ್ಪಿಲ್ಲ’ ಅಂತಿದ್ರು. ‘ಮತ್ತ ಅಲ್ಲೇ ಯಾಕ ಹೇಳಲಿಲ್ಲ?’ ಅಂದೆ. ‘ಹೆಣ್ಣ ಕೊಟ್ಟ ಮಾವ ಬಾಜೂಕ ನಿಂತಿದ್ದ, ಹುಡುಗನ ಮಾನ ಹೋಗತಿತ್ತು’ ಅಂದ್ರು.”

ಈಗ ಮಾವನೂ ಇಲ್ಲ, ಅಂದು ನಕ್ಕವರೂ ಇಲ್ಲ. ಇವತ್ತು ಬೆಳಿಗ್ಗೆ ಓಣಿಯವರು ಕೂಸು ನೋಡಲು ಬಂದಾಗ, ಮಗಳ ಎದುರಿಗೆ, ಎಲ್ಲರ ಎದುರಿಗೆ ಕಡಾಣಿಯ ಮಾತು ಹೇಳಿಬಿಟ್ಟೆ. ಹೆಂಡತಿ ನನ್ನ ಮೊಂಡು ಬೆರಳು ಹಿಡಿದು ನೋಡಿದಳು.

“ಕಾಕಾ ಇದ್ದಾಗ ಯಾಕ ಹೇಳಲಿಲ್ಲ?” ಎಂದು ಕೇಳಿದಳು.

ದಿಂಬಿನ ಕೆಳಗಿನಿಂದ, ಕಾಕಾ ಹೊಸ ಕೀಲು ಬಡಿದ ಆ ಚಾಕು ತೆಗೆದು, ಕಿವಿಯ ಹತ್ತಿರ ಹಿಡಿದು, ತೆರೆದು ಮುಚ್ಚಿದೆ. ಟಕ್ ಎಂದಿತು. ಆ ಸಪ್ಪಳಕ್ಕೆ ಕೂಸು ಬೆಚ್ಚಿ ಕಣ್ಣು ತೆರೆಯಿತು.