ಮಡಿಲಿನಲ್ಲಿ ಇಟ್ಟ ಎಸರು

ನನ್ನ ತಾಯಿಗೆ ಒಂದು ಪದ ಬರುತ್ತಿತ್ತು. ಮೂರೇ ಸಾಲು. ಬೆಳಗ್ಗೆ ಮುದ್ದೆಗೆ ನೀರು ಕಾಯಲು ಇಟ್ಟು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿಕೊಳ್ಳುತ್ತಿದ್ದಳು. ನನಗೆ ಹತ್ತು ವರ್ಷವಾಗಿದ್ದಾಗ ನಾನು ಅದನ್ನು ತಿದ್ದಿದೆ. ಆಮೇಲೆ ಅವಳು ನನ್ನ ಕಿವಿಗೆ ಬೀಳುವ ಹಾಗೆ ಅದನ್ನು ಹೇಳಲೇ ಇಲ್ಲ. ಅವಳಿಗೆ ಈಗ ಎಂಬತ್ತು ದಾಟಿದೆ, ಹಾಸಿಗೆ ಹಿಡಿದಿದ್ದಾಳೆ. ಅವಳ ಬಾಯಿಂದ ಆ ಪದವನ್ನು ಇನ್ನೊಂದು ಸಲ ಕೇಳಿಸಪ್ಪಾ ಎಂದು ನಾನು ದಿನವೂ ದೀಪ ಹಚ್ಚುವಾಗ ನಂಜುಂಡಪ್ಪನನ್ನು ಕೇಳಿಕೊಳ್ಳುತ್ತಿದ್ದೆ. ಬೇರೆ ಏನನ್ನೂ ಕೇಳುವಷ್ಟು ಕೊರತೆಯನ್ನು ಅವನು ನನಗೆ ಇಟ್ಟಿಲ್ಲ.

ನನ್ನ ತವರು ನಂಜನಗೂಡಿನ ಹತ್ತಿರ, ಕಪಿಲೆಯ ದಡದ ಹಳ್ಳಿ. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೊಳೆ ಒಳೆಯಾಗುತ್ತದೆ. ಐದನೇ ಕ್ಲಾಸಿನ ಮೇಷ್ಟ್ರು ಇದನ್ನು ಸಹಿಸುತ್ತಿರಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ಹ’ ಅನ್ನಿಸುತ್ತಿದ್ದರು. ಉಸಿರು ಅಂಗೈಗೆ ತಾಗದಿದ್ದರೆ ಅದೇ ಅಂಗೈಗೆ ಬೆತ್ತ. ಹೆದರಿಕೆಗೆ ನಾನು ಎಲ್ಲದಕ್ಕೂ ‘ಹ’ ಹಚ್ಚತೊಡಗಿದೆ. ಅಕ್ಕಿಯನ್ನು ಹಕ್ಕಿ ಅಂದ ದಿನ ಅಪ್ಪ ಊಟದ ತಟ್ಟೆಯ ಮೇಲೆ ಕೈ ಮುಚ್ಚಿಕೊಂಡು, “ಲೇ, ಬಾಗ್ಲಾಕ್ರಲೇ, ನನ್ ಅನ್ನ ಆರೋಗ್ಬುಟ್ಟಾತು!” ಎಂದು ಕೂಗಿದ್ದ. ಎಲ್ಲರೂ ನಕ್ಕರು. ನಾನು ಅತ್ತೆ.

ಆ ಉರಿಯಲ್ಲೇ ಇರಬೇಕು, ಮಾರನೇ ಬೆಳಗ್ಗೆ ಅಮ್ಮನ ಪದಕ್ಕೆ ಕೈ ಹಾಕಿದ್ದು. ಪದ ಹೀಗಿತ್ತು:

ಎಸರಿಟ್ಟೆ ಒಲೆಮ್ಯಾಲೆ ಎಸರಿಟ್ಟೆ ಮಡಿಲಾಗೆ
ಒಸಿ ನಿಲ್ಲು ಅಂದ್ರೂ ನಿಲಲಿಲ್ಲ — ನನ ಕಂದ
ಒಸಲ್ ದಾಟಿ ಓಯ್ತು ಒಳೆತನಕ

‘ನನ ಕಂದ’ ಅಂದ ಮೇಲೆ ಅವಳು ನಿಲ್ಲಿಸುತ್ತಿದ್ದಳು. ಊದುಗೊಳವೆ ಎತ್ತಿಕೊಂಡು ಒಲೆ ಊದಿ, ಅದನ್ನು ಕೆಳಗಿಟ್ಟು, ಆಮೇಲೆ ಮೂರನೇ ಸಾಲು ಹೇಳುತ್ತಿದ್ದಳು. ಬೆಂಕಿ ಆರದಿರಲೆಂದು ಊದುತ್ತಾಳೆ ಅಂದುಕೊಂಡಿದ್ದೆ. ಪದದಲ್ಲಿರುವ ಕಂದ ನಾನೇ ಅಂತಲೂ ಅಂದುಕೊಂಡಿದ್ದೆ. ಮುದ್ದೆ ಆಗುವವರೆಗೂ ತಾಳದೆ ಹೊಸಲು ದಾಟಿ ಹೊಳೆಗೆ ಆಡಲು ಓಡುತ್ತಿದ್ದವಳು ನಾನೇ ತಾನೇ.

“ಅಮ್ಮ, ಒಸಲು ಅಲ್ಲ, ಹೊಸಲು. ಓಯ್ತು ಅಲ್ಲ, ಹೋಯ್ತು. ಒಳೆ ಅಲ್ಲ, ಹೊಳೆ. ಕೈ ಹಿಂಗಿಟ್ಕೊಂಡು ಹೇಳು,” ಎಂದೆ.

ಅವಳು ಕೈ ಇಟ್ಟುಕೊಂಡಳು. ಬರಲಿಲ್ಲ. ಎರಡು ಸಲ, ಮೂರು ಸಲ. ಕೈ ಇಳಿಸಿ, “ಆಯ್ತು ಬುಡವ್ವ, ನಿಮ್ ಇಸ್ಕೂಲ್ ಬಾಯಿ ನಮ್ಗೆಲ್ಲಿ ಬಂದದು. ನೀನೇ ಏಳ್ಕೋ,” ಅಂದಳು. ಮುನಿಸೇನೂ ಇರಲಿಲ್ಲ ಆ ಮಾತಿನಲ್ಲಿ. ಆದರೆ ಮರುದಿನದಿಂದ ಒಲೆಯ ಮುಂದೆ ಸೌದೆಯ ಸದ್ದು ಮಾತ್ರ ಇತ್ತು. ಒಮ್ಮೊಮ್ಮೆ ನಾನು ನೀರು ಹೊತ್ತು ಬರುವಾಗ ಒಳಗಿನಿಂದ ದನಿ ಕೇಳುತ್ತಿತ್ತು. ನನ್ನ ಬಿಂದಿಗೆ ಹೊಸಲಿಗೆ ತಾಗಿದ ಕೂಡಲೇ ನಿಲ್ಲುತ್ತಿತ್ತು.

ನನ್ನನ್ನು ತಿ. ನರಸೀಪುರಕ್ಕೆ ಕೊಟ್ಟರು. ನಮ್ಮೂರಿನ ಮುಂದೆ ಹರಿದ ಕಪಿಲೆಯೇ ಇಲ್ಲಿ ಬಂದು ಕಾವೇರಿಯನ್ನು ಸೇರುತ್ತದೆ. ಸೋಮವಾರ ಸಂಗಮಕ್ಕೆ ಹೋಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಾಗ, ಅಮ್ಮ ಮುಟ್ಟಿದ ನೀರು ಇದು ಅನ್ನಿಸುತ್ತಿತ್ತು. ಅಷ್ಟು ದೂರಕ್ಕೆ ಕೊಟ್ಟರೂ ಹೊಳೆಯ ದಾರಿಯಲ್ಲೇ ಕೊಟ್ಟರಲ್ಲ, ಅದೂ ಒಂದು ದಯೆ.

ನನ್ನ ಸೊಸೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಹೋದ ವರ್ಷ ಒಂದು ಭಾನುವಾರ ಇಬ್ಬರೂ ಸೊಪ್ಪು ಬಿಡಿಸುತ್ತಾ ಕೂತಿದ್ದೆವು.

“ಅತ್ತೆ, ಲಯ, ಪ್ರಾಸ ಅಂದ್ರೆ ಸಾಕು, ನಮ್ಮ ಮಕ್ಕಳು ಸಾಲಾಗಿ ಆಕಳಿಸ್ತಾವೆ. ಪುಸ್ತಕದಲ್ಲಿ ಇಲ್ಲದ್ದು, ಮನೇಲಿ ಹೇಳೋ ಒಂದು ಪದ ಹೇಳಿ. ಅದರಲ್ಲೇ ತೋರಿಸ್ತೀನಿ,” ಅಂದಳು.

ನನಗೆ ಬರುವುದು ಅದೊಂದೇ. ಹೇಳಿದೆ. ತಿದ್ದಿದ ಹಾಗೆಯೇ, ಹೊಸಲು, ಹೋಯ್ತು, ಹೊಳೆ ಅಂತ. ಅವಳು ಮೊಣಕಾಲಿನ ಮೇಲೆ ಬೆರಳು ಬಡಿಯುತ್ತಿದ್ದವಳು ಮೂರನೇ ಸಾಲಿಗೆ ನಿಲ್ಲಿಸಿದಳು.

“ಇಲ್ಲಿ ಏನೋ ಎಡವುತ್ತೆ. ಅಜ್ಜಿ ಹೇಗೆ ಹೇಳ್ತಿದ್ರೋ ಹಾಗೇ ಹೇಳಿ ನೋಡೋಣ.”

ನಾಚಿಕೆಯಾಯಿತು. ಐವತ್ತು ವರ್ಷದಿಂದ ಕಾವಲು ಕಾದುಕೊಂಡು ಬಂದ ಬಾಯಿ ನನ್ನದು. ಆದರೂ ಹೇಳಿದೆ.

“ನೋಡಿ ಅತ್ತೆ! ಎಸ, ಒಸಿ, ಒಸ. ಮೂರು ಸಾಲಿನಲ್ಲೂ ಎರಡನೇ ಅಕ್ಷರ ‘ಸ’. ಅದರ ಹಿಂದೆ ಬರೀ ಸ್ವರ. ಒಸಲು, ಓಯ್ತು, ಒಳೆ, ಎಲ್ಲೂ ತಡೆ ಇಲ್ಲ, ಇಳಿಜಾರಲ್ಲಿ ನೀರು ಹೋದ ಹಾಗೆ ಬಾಯಿ ಜಾರಿಕೊಂಡು ಹೋಗುತ್ತೆ. ಮಗು ಹೋಗಿದ್ದೂ ಹಾಗೇ, ಹಿಡಿಯೋಕೆ ಆಗದ ಹಾಗೆ. ನೀವು ಮೂರು ಕಡೆ ‘ಹ’ ಇಟ್ಟು ಮೂರು ಕಡೆ ತಡೆದುಬಿಟ್ರಿ.”

ಹೆಬ್ಬೆಟ್ಟು ಒತ್ತುವ ನನ್ನ ತಾಯಿ ಇದನ್ನೆಲ್ಲ ಕಟ್ಟಿದ್ದಳೇ ಎಂದು ನಾನು ಹಿಗ್ಗುತ್ತಿದ್ದೆ. ಸೊಸೆ ಬರೆದುಕೊಳ್ಳುತ್ತಿದ್ದವಳು ಪೆನ್ನು ಎತ್ತಿ ಹಿಡಿದಳು.

“ಅತ್ತೆ, ಒಲೆ ಮೇಲೆ ಎಸರು ಇಟ್ಟಿದ್ದು ಸರಿ. ಮಡಿಲಲ್ಲಿ ಹೇಗೆ ಇಡ್ತಾರೆ? ಮೈ ಸುಡಲ್ವಾ?”

ಸೊಪ್ಪು ನನ್ನ ಕೈಯಲ್ಲೇ ಉಳಿಯಿತು. ಸಾವಿರ ಸಲ ನಾಲಿಗೆಯ ಮೇಲೆ ಆಡಿದ ಮಾತು. ದನಿ ಎಷ್ಟು ಸಲೀಸಾಗಿ ಸಾಗುತ್ತಿತ್ತೆಂದರೆ ಈ ಪ್ರಶ್ನೆಯ ಮೇಲಿಂದಲೇ ಅದು ನನ್ನನ್ನು ಎತ್ತಿಕೊಂಡು ಹೋಗಿಬಿಟ್ಟಿತ್ತು. ಎಸರು. ನಮ್ಮ ಕಡೆ ಕುದಿಯುವ ನೀರಿಗೂ ಎಸರು, ಮನುಷ್ಯರ ಹೆಸರಿಗೂ ಎಸರು. ಬೇಡದ ಕಡೆಯೆಲ್ಲ ‘ಹ’ ಹಚ್ಚಿದವಳು, ಅದು ಇರಬೇಕಾದ ಒಂದೇ ಒಂದು ಕಡೆ ಬಿಟ್ಟುಬಿಟ್ಟಿದ್ದೆ.

ನನಗಿಂತ ಮೊದಲು ಒಂದು ಹೆಣ್ಣು ಹುಟ್ಟಿ ಹೋಗಿತ್ತು ಅನ್ನುವುದು ನನಗೆ ಗೊತ್ತಿತ್ತು. ತಿಂಗಳು ತುಂಬಿ, ತೊಟ್ಟಿಲಿಗೆ ಹಾಕಿ ಹೆಸರಿಡಬೇಕಾದ ದಿನವೇ ಹೋಯಿತಂತೆ. ಮನೆಯಲ್ಲಿ ಅದರ ಮಾತು ಬಂದರೆ ‘ಅದು’ ಅನ್ನುತ್ತಿದ್ದರು, ಅಷ್ಟೇ. ಕೂಸುಗಳನ್ನು ನಮ್ಮೂರಲ್ಲಿ ಹೊಳೆಯ ದಡದಲ್ಲಿ ಮಣ್ಣು ಮಾಡುತ್ತಾರೆ. ಹೊಸಲು ದಾಟಿ, ಹೊಳೆ ತನಕ.

ಮಾರನೇ ದಿನ ನಂಜನಗೂಡಿನ ಬಸ್ಸು ಹತ್ತಿದೆ. ಕೂರಲು ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಅಮ್ಮ ನಡುಮನೆಯ ಮಂಚದಲ್ಲಿ ಮಲಗಿದ್ದಳು. ತಮ್ಮನ ಹೆಂಡತಿ ಅವಳನ್ನು ಹೂವಿನ ಹಾಗೆ ನೋಡಿಕೊಂಡಿದ್ದಾಳೆ. ಬೆನ್ನಿನಲ್ಲಿ ಒಂದು ಗಾಯವಿಲ್ಲ. ಅವಳೇ ಹೇಳಿದಳು: “ಇವತ್ತು ನಿಮ್ಮ ಗುರ್ತು ಸಿಕ್ತದೋ ಇಲ್ವೋ ಅಕ್ಕ. ನೆನ್ನೆ ನನ್ನನ್ನ ಯಾರು ಅಂತ ಕೇಳಿ, ಸೊಸೆ ಅಂದ್ರೆ, ನಂಗ್ಯಾವಾಗ್ ಮದ್ವೆ ಆಗದೆ ಅಂದ್ರು!”

ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಪದ ಹೇಳು ಅಂದೆ. ಯಾವ ಪದ ಅಂದಳು. ಕಿವಿ ಮಂದ, ಗಟ್ಟಿಯಾಗಿ ನಾನೇ ಶುರು ಮಾಡಿದೆ. ಅಭ್ಯಾಸ ನೋಡಿ, ಹೊಸಲು ಅಂತಲೇ ಬಂತು. ಅವಳು ಗೋಡೆಯ ಕಡೆ ಮುಖ ಮಾಡಿ, “ಯಾರ್ ಪದವ್ವ ಅದು? ಚೆಂದಾಗದೆ,” ಅಂದಳು.

ಒಂದು ಗುಟುಕು ನೀರು ಕುಡಿದು ಮತ್ತೆ ಹೇಳಿದೆ. ಈ ಸಲ ನನಗೆ ಹತ್ತು ವರ್ಷವಾಗುವುದಕ್ಕೆ ಮುಂಚಿನ ಬಾಯಿಯಿಂದ. ಎಸರಿಟ್ಟೆ ಒಲೆಮ್ಯಾಲೆ. ಅವಳ ಬೆರಳು ನನ್ನ ಅಂಗೈಯೊಳಗೆ ಅಲುಗಿತು. ಒಸಿ ನಿಲ್ಲು ಅಂದ್ರೂ ಅನ್ನುವಷ್ಟರಲ್ಲಿ ಅವಳ ದನಿ ನನ್ನ ದನಿಯ ಜೊತೆಗಿತ್ತು. ‘ನನ ಕಂದ’ ಆಯಿತು. ನಾನು ಮುಂದಕ್ಕೆ ಹೋದೆ, ಅವಳು ಬರಲಿಲ್ಲ. ತುಟಿ ಕೂಡಿಸಿ, ಉದ್ದಕ್ಕೆ ಉಸಿರು ಬಿಟ್ಟಳು. ಎದುರಿಗೆ ಒಲೆ ಇರಲಿಲ್ಲ, ಊದುಗೊಳವೆ ಇರಲಿಲ್ಲ. ಆಮೇಲೆ ಒಬ್ಬಳೇ ಹೇಳಿದಳು: “ಒಸಲ್ ದಾಟಿ ಓಯ್ತು ಒಳೆತನಕ.”

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು. ತಮ್ಮನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು.

“ಅಮ್ಮ,” ಅಂದೆ, “ಮಡಿಲಾಗೆ ಇಟ್ಟಿದ್ದು ಯಾವ ಎಸರು?”

“ಅದರ್ದೇ ಕಣ್ ಮಗ. ತೊಟ್ಲಿಗಾಕೋ ಮುಂಚಿನ್ ದಿನ್ವೇ ಮಡ್ಲಲ್ ಆಕ್ಕಂಡು ಕಿವಿಲಿ ಏಳ್ಬುಟ್ಟೆ. ತಡಿಯಾಕ್ ಆಗ್ನಿಲ್ಲ. ಬೆಳಗ್ಗೆ ಬರೋರ್ಗೆ ಅಂತ ಒಲೆಮ್ಯಾಲೂ ಎಸರಿಟ್ಟೆ. ಅದು ಕುದಿಯೋಕ್ ಮುಂಚೆನೇ... ತೊಟ್ಲು ಕಾಣದ್ ಕೂಸ್ಗೆ ಎಸರಿಲ್ಲ ಅಂದ್ರು ದೊಡ್ಡೋರು. ಇಟ್ಟಿದ್ದೀನಿ ಅಂತ ನಾನು ಯಾರ್ ಮುಂದೆ ಏಳ್ಲಿ. ಪದ್ದಾಗೆ ಏಳ್ಕತಿದ್ದೆ.”

“ನಾನು ತಿದ್ದಿದೆನಲ್ಲಮ್ಮ. ನಿನ್ನ ಬಾಯಿ ಮುಚ್ಚಿಸ್ದೆ.”

“ಮಕ್ಳು ಬುಡು,” ಅಂದಳು. ಅಷ್ಟೇ. ನಾನು ಕ್ಷಮೆ ಕೇಳಲು ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆ ಅವಳು ಎರಡೇ ಮಾತು ಕೊಟ್ಟಳು.

“ಏನ್ ಇಟ್ಟಿದ್ದೆ?”

ಕೈಸನ್ನೆ ಮಾಡಿ ಬಗ್ಗು ಅಂದಳು. ಬಗ್ಗಿದೆ. ಕೂಸಿಗೆ ಹೆಸರಿಡುವಾಗ ಹೇಗೋ ಹಾಗೆ ನನ್ನ ಕಿವಿಗೆ ಕೈ ಅಡ್ಡ ಹಿಡಿದು ಮೂರು ಸಲ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಬಾಯಿಗೆ ಬಾರದ ಆ ಅಕ್ಷರದಿಂದಲೇ ಶುರುವಾಗುವ ಹೆಸರು ಅದು, ಇಷ್ಟು ಹೇಳಬಹುದು.

ಮಧ್ಯಾಹ್ನ ಅವಳಿಗೆ ಮುದ್ದೆ ಕಿವುಚಿ ತಿನ್ನಿಸಿದೆ. ಹೊರಡುವಾಗ ನನ್ನ ಗುರುತು ಮತ್ತೆ ಹೋಗಿತ್ತು. “ಓಗ್ಬುಟ್ ಬಾರವ್ವ, ಯಾರೋ ಪಾಪ,” ಅಂದಳು.

ಮನೆಗೆ ಬಂದಾಗ ಸೊಸೆ ನೋಟುಬುಕ್ಕಿನಲ್ಲಿ ಎಸರಿನ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದಳು. “ಏನು ಬರೀಲಿ ಅತ್ತೆ? ಮೊದಲನೇದಕ್ಕೆ ಎಸರು, ಎರಡನೇದಕ್ಕೆ ಹೆಸರು ಅಂತ ಬರೀಲಾ?”

“ಎರಡಕ್ಕೂ ಎಸರು ಅಂತ್ಲೇ ಬರಿ.”

“ಮಕ್ಕಳು ಎರಡೂ ನೀರು ಅಂದ್ಕೋತಾರೆ.”

“ಅಂದ್ಕೊಳ್ಳಲಿ. ಓದಬೇಡ, ಹಾಡು. ಕಂದ ಅಂದ ಮೇಲೆ ಒಂದು ಉಸಿರು ನಿಲ್ಲು.”

ಮುಂದಿನ ಸೋಮವಾರ ಸಂಗಮದ ಹತ್ತಿರದ ಈಶ್ವರನ ಗುಡಿಗೆ ಹೋದೆ. ಅರ್ಚನೆಗೆ ಹೆಸರು ಹೇಳಿ ಅಂದರು ಅರ್ಚಕರು. ಮನೆಯವರದು, ಮಗನದು, ಸೊಸೆಯದು, ಅಮ್ಮನದು ಹೇಳಿ, ಇನ್ನೊಂದನ್ನೂ ಹೇಳಿದೆ. ಇಲ್ಲದವರ ಹೆಸರಿನಲ್ಲಿ ಅರ್ಚನೆ ಮಾಡಿಸಬಾರದೆಂದು ನನಗೆ ಗೊತ್ತು. ತಪ್ಪಿದ್ದರೆ ಅವನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಲಿ.

“ಯಾರಮ್ಮ ಇವರು? ನಕ್ಷತ್ರ?”

“ನಮ್ಮಕ್ಕ. ನಕ್ಷತ್ರ ಗೊತ್ತಿಲ್ಲ ಸ್ವಾಮಿ.”

ಅವರು ಹೂವು ಎತ್ತಿಕೊಂಡು, ಆ ಹೆಸರಿಗೆ ‘ಹ’ ಸೇರಿಸಿ, ಸ್ವಚ್ಛವಾಗಿ ಉಚ್ಚರಿಸಿದರು.

“ಹಾಗಲ್ಲ ಸ್ವಾಮಿ,” ಎಂದೆ. ಅಮ್ಮ ನನ್ನ ಕಿವಿಯಲ್ಲಿ ಹೇಳಿದ ಹಾಗೆಯೇ, ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ.