ಬ್ಯಾಡಗಿಯಲ್ಲಿ ಬಂದ ಆಯೇರಿ

ಹಾವೇರಿ ಬಸ್ ನಿಲ್ದಾಣದಿಂದ ಹೊರಡುವಾಗಲೇ ಜಗಳ ಶುರುವಾಯಿತು. ನಮ್ಮ ನಾಟಕ ತಂಡದ ಕಟ್ಟಿಗೆ ಬಂದೂಕುಗಳು ಗೋಣಿಚೀಲದಿಂದ ಮೂತಿ ಹೊರಗೆ ಹಾಕಿದ್ದವು.

"ಏನ್ರಿ ಅಕ್ಕಾರ ಇವು?" ಎಂದ ಕಂಡಕ್ಟರ್.

"ನಾಟಕದ್ವು. ಹೊಡಿಯೂದಿಲ್ಲ ಬಿಡಪ್ಪಾ."

"ಹೊಡೀಲಿ ಬಿಡ್ಲಿ, ಲಗೇಜ್ ತಗೋಬೇಕ್ರಿ."

ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿ ನಾನು ಮತ್ತು ರುಬೀನಾ ಕುಳಿತೆವು, ಬಂದೂಕುಗಳಿಗೆ ಟಿಕೆಟ್ ತೆಗೆಸಿದೆವು. ನಿರ್ದೇಶಕರಾದ ಬಸಣ್ಣ ಮಾಸ್ತರರು "ಇರ್ಲಿ ಬಿಡ್ರಿ, ಹೊಂದಿಕೊಂಡು ಹೋಗೂಣು" ಎಂದರು. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾಟಕದ ಕಥೆ ಇಷ್ಟು. ದೂರದ ದೇಶವೊಂದರಲ್ಲಿ ಬಂಡುಕೋರರು ಪುಟ್ಟ ಹುಡುಗಿಯೊಬ್ಬಳನ್ನು ಎಳೆದೊಯ್ದು ಕೈಗೆ ಬಂದೂಕು ಕೊಡುತ್ತಾರೆ. ಅವಳ ಕೈಯಿಂದಲೇ ಅವಳ ಊರಿನ ಮನೆಗಳನ್ನು ಸುಡಿಸುತ್ತಾರೆ. ವರ್ಷಗಳ ಮೇಲೆ ಅವಳು ತಪ್ಪಿಸಿಕೊಂಡು ಬಂದರೆ ಅಪ್ಪ ಒಳಗೆ ಬಿಡುವುದಿಲ್ಲ. ಆಗ ತಾಯಿ ಹೊಸ್ತಿಲಲ್ಲಿ ನಿಂತು ಉದ್ದನೆಯ ಮಾತೊಂದನ್ನು ಆಡುತ್ತಾಳೆ, ನಾಟಕ ಮುಗಿಯುತ್ತದೆ. ಅಪ್ಪನ ಪಾತ್ರ ಮಾಸ್ತರರದು, ತಾಯಿ ನಾನು. ಇಡೀ ನಾಟಕದಲ್ಲಿ ನನಗಿದ್ದದ್ದು ಆ ಒಂದೇ ಒಳ್ಳೆಯ ಮಾತು.

ಹುಡುಗಿಯಾಗುವವಳು ರುಬೀನಾ. ಬ್ಯಾಡಗಿಯವಳು, ಹಾವೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎಡ್. ಓದುತ್ತಾಳೆ. ತಂದೆ ಬಾಬುಸಾಬರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. "ನಮ್ಮೂರಾಗ ಒಮ್ಮೆ ನೋಡ್ತೇನಿ, ಆಮ್ಯಾಲೆ ನಾಟಕ ಬೇಕೋ ಬ್ಯಾಡೋ ಹೇಳ್ತೇನಿ" ಎಂದಿದ್ದರಂತೆ. ಹುಡುಗಿಗೆ ಅದೊಂದೇ ಚಿಂತೆ. ದಾರಿಯುದ್ದಕ್ಕೂ ಉಗುರು ಕಚ್ಚಿಕೊಂಡೇ ಬಂದಳು.

ಅಂದಿನ ಪ್ರದರ್ಶನ ರಾಣೇಬೆನ್ನೂರಿನಲ್ಲಿ. ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಗೋಡೆಯ ಪೋಸ್ಟರ್ ನೋಡಿ ತಲೆ ಇನ್ನಷ್ಟು ಬಿಸಿಯಾಯಿತು. 'ಮನೆಗೆ ಬಂದ ಬಾಲಸೈನಿಕೆ' ಎಂದಿರಬೇಕಾದಲ್ಲಿ 'ಮನೆಗೆ ಬಂದ ವೀರಸೈನಿಕೆ' ಎಂದಿತ್ತು, ಪಕ್ಕದಲ್ಲಿ ರಾಷ್ಟ್ರಧ್ವಜ. ಛಾಪಖಾನೆಯವನಿಗೆ ಫೋನ್ ಹಚ್ಚಿದೆ.

"ಬಾಲ ಅಂದ್ರ ಮಂದಿಗೆ ಮಂಗ್ಯಾನ ನೆನಪಾಗ್ತೈತ್ರಿ. ಅದಕ್ಕ ವೀರ ಅಂತ ಹಾಕೇನಿ. ಚಲೋ ಆತಿಲ್ಲೋ?" ಎಂದ.

ಗಣಪತಿಯನ್ನು ಮಾಡು ಅಂದರೆ ಅವರಪ್ಪನನ್ನು ಮಾಡಿದ್ದ. ಆ ಪೋಸ್ಟರ್ ನಂಬಿ ಸಂಘಟಕರು ಸೇನೆಯ ನಿವೃತ್ತ ಹವಾಲ್ದಾರರೊಬ್ಬರನ್ನು ಕರೆಸಿ, ಶಾಲು ಹೊದಿಸಿ, ದೇಶಭಕ್ತಿಯ ಭಾಷಣ ಮಾಡಿಸಿದರು. ವೀರಸೈನಿಕೆ ಊರಿಗೆ ಬೆಂಕಿ ಇಡುತ್ತಿದ್ದಂತೆ ಅವರು ಎದ್ದು ಹೊರಟೇಹೋದರು. ಪಾಪ, ಅವರದೇನು ತಪ್ಪು? ಆಮೇಲೆ ಗಿರ್ಮಿಟ್ಟು, ಮಿರ್ಚಿ ತಿಂದು ಸಿಟ್ಟು ಇಳಿಸಿಕೊಂಡೆ.

ಮರುದಿನ ಹೆದ್ದಾರಿಯಲ್ಲಿ ಹಿಂದಕ್ಕೆ ಬಂದು, ಮೋಟೆಬೆನ್ನೂರಿನಲ್ಲಿ ಒಳಗೆ ತಿರುಗಿ ಬ್ಯಾಡಗಿ ಸೇರಿದೆವು. ಸುಗ್ಗಿಯ ಕಾಲ. ಮಾರುಕಟ್ಟೆಯ ಘಾಟಿಗೆ ಇಳಿದ ಕೂಡಲೇ ಕೆಮ್ಮು ಹತ್ತಿತು. ಗಂಟಲು ಕಟ್ಟಿದರೆ ನನ್ನ ಮಾತಿನ ಗತಿಯೇನು ಎಂದು ಬೆಲ್ಲ ಚೀಪುತ್ತ ಕುಳಿತೆ. ಸಂಜೆ ಬಾಬುಸಾಬರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಪೊಟ್ಟಣ.

"ಪೋಸ್ಟರ್ ನೋಡಿದೆ. ನಮ್ಮ ಹುಡುಗಿ ಮಿಲಿಟ್ರಿ ಆಫೀಸರ್ ಪಾರ್ಟು ಮಾಡ್ತಾಳ ಅಂತ ಬೀಗರಿಗೆಲ್ಲಾ ಹೇಳೇನ್ರಿ. ಮುಂದಿನ ಸಾಲು ಪೂರಾ ನಮ್ಮವರ ಅದಾರ" ಎಂದರು.

ರುಬೀನಾಳ ಮುಖ ಬಿಳಿಚಿಕೊಂಡಿತು. ಖರೇ ಕಥೆ ಹೇಳಿಬಿಡಿ ಎಂದು ಮಾಸ್ತರರನ್ನು ಬೇಡಿಕೊಂಡೆ. "ಹೊಂದಿಕೊಂಡು ಹೋಗೂಣ್ರಿ" ಎಂದರು. ಯಾರೂ ಹೇಳಲಿಲ್ಲ.

ನಾಟಕ ನಡೆಯಿತು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬಿಬ್ಬರು ಬಾಬುಸಾಬರ ಕಡೆ ತಿರುಗಿ ಏನೋ ಕೇಳಿದರು. ಅವರು ಮಗಳನ್ನೇ ನೋಡುತ್ತ ಕುಳಿತಿದ್ದರು. ಕೊನೆಯ ದೃಶ್ಯ ಬಂತು. ಮಾಸ್ತರರು ಕೈ ಚಾಚಿ ಗುಡುಗಿದರು: "ಇಕಿ ನನ್ನ ಮಗಳಲ್ಲ! ಬಾಗ್ಲಾ ಹಾಕ್ರಿ!" ರುಬೀನಾ ನೆಲಕ್ಕೆ ಕುಸಿದಳು. ನಾನು ಉಸಿರು ಎಳೆದುಕೊಂಡು ಹೊಸ್ತಿಲಿಗೆ ಬಂದೆ.

ಅಷ್ಟರಲ್ಲಿ ಬಾಬುಸಾಬರು ಪೊಟ್ಟಣ ಹಿಡಿದು ವೇದಿಕೆ ಹತ್ತಿದರು. ನಮ್ಮ ಕಡೆ ನಾಟಕ ನಡೆಯುತ್ತಿರುವಾಗಲೇ ನೆಂಟರು ಮೇಲೆ ಬಂದು ಪಾತ್ರಧಾರಿಗೆ ಬಟ್ಟೆ, ಹಾರ ಕೊಡುವ ರೂಢಿಯಿದೆ. ಆಯೇರಿ ಅನ್ನುತ್ತಾರೆ. ಆದರೆ ಈಗಲೇ ಬರಬೇಕೇ? ನನ್ನ ಮಾತಿಗೆ ಕಲ್ಲು ಬಿತ್ತು ಎಂದು ಹಲ್ಲು ಕಡಿದೆ.

ಅವರು ಪೊಟ್ಟಣ ಬಿಚ್ಚಿ ಹಸಿರು ದುಪಟ್ಟಾ ತೆಗೆದು ಮಗಳ ತಲೆಗೆ ಹೊದಿಸಿದರು. ಮಾಸ್ತರರ ಕಡೆ ತಿರುಗಿದರು.

"ನೀವು ಒಲ್ಲೆ ಅಂದ್ರ ಬಿಡ್ರಿ. ಇಕಿ ನನ್ನ ಮಗಳು. ಏಳು ಬೇಟಾ, ಮನಿಗೆ ನಡಿ."

"ಅಬ್ಬಾ" ಎಂದು ತಂದೆಯನ್ನು ಕರೆದು ರುಬೀನಾ ಪಾತ್ರ ಮರೆತು ಅತ್ತಳು. ಅವರು ಕೈ ಹಿಡಿದು ಮೆಟ್ಟಿಲಿಳಿಸಿ ಕರೆದುಕೊಂಡು ಹೋಗಿಯೇಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊಂದಿಕೊಳ್ಳುವ ಮಾಸ್ತರರೂ ಏನೂ ತೋಚದೆ ಪರದೆ ಎಳೆಸಿದರು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಸಿಟ್ಟೂ ಬಂತು, ಅಳುವೂ ಬಂತು.

ಬೆಳಿಗ್ಗೆ ಹಾವೇರಿ ಬಸ್ಸಿಗೆ ನಿಂತಾಗ ತಂದೆ, ಮಗಳು ಇಬ್ಬರೂ ಬಂದರು. ಮಾಸ್ತರರು ಅಳುಕುತ್ತ ಕೇಳಿದರು, "ಏನ್ ಮಾಡಿದ್ರಿ ಸಾಹೇಬ್ರ? ನಾಟಕ ಬೇಕೋ ಬ್ಯಾಡೋ?"

"ಮುಂದಿನ ಊರು ಯಾವುದ್ರಿ?"

"ಅಗಡಿ."

"ಅಲ್ಲಿಗೂ ಬರ್ತೇನಿ" ಎಂದರು ಬಾಬುಸಾಬರು. "ನೀವಂತೂ ಅಲ್ಲೂ ಬಾಗ್ಲಾ ಹಾಕೋರ. ಹುಡುಗಿ ಒಬ್ಬಾಕಿನ ಎಲ್ಲಿಗೆ ಹೋಗಬೇಕ್ರಿ?"