ಹಲಸಿನ ಕಂಬಕ್ಕೆ ಸಿಮೆಂಟ್ ಬಣ್ಣ

ಶಿರಾ ಗೇಟ್ ಹತ್ತಿರ ದೊಡ್ಡಪ್ಪನ ಮಗ ಕಟ್ಟಿಸಿದ ಮನೆಯೊಳಗೆ ಕಾಲಿಟ್ಟೊಡನೆ ಪೇಂಟಿನ ವಾಸನೆ ಮೂಗಿಗೆ ಬಡಿದು, ಅಮೃತೂರಿನ ನಮ್ಮ ತೊಟ್ಟಿಮನೆ ನೆನಪಾಯಿತು.

ಅದರ ಹಲಸಿನ ಕಂಬಗಳು ಎಲ್ಲರ ಬೆನ್ನು ಒರಗಿ ಒರಗಿ ನುಣುಪಾಗಿದ್ದವು. ಹಬ್ಬ ಬಂತೆಂದರೆ ಅಜ್ಜಿ ಅವಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಸಿಮೆಂಟಿನ ಮೋಲ್ಡ್ ಮನೆ ಎದ್ದದ್ದೇ ತಡ, ದೊಡ್ಡಪ್ಪನೆಂಬ ಮಹಾಶಯರಿಗೆ ಮರವೆಂದರೆ ನಾಚಿಕೆ. ಅಕ್ಕನನ್ನು ನೋಡಲು ಗಂಡಿನವರು ಬರುವ ಹಿಂದಿನ ದಿನ ಕಂಬಗಳಿಗೆಲ್ಲ ಬೂದು ಪೇಂಟ್ ಬಳಿಸಿದರು.

"ಥೇಟ್ ಸಿಮೆಂಟ್ ಕಂಬ ಇದ್ದಂಗೈತೆ, ನೋಡ್ಲಾ!" ಎಂದು ನನ್ನೆದುರು ಬೀಗಿದರು.

ಎಣ್ಣೆ ಕುಡಿದ ಮರದ ಮೇಲೆ ಪೇಂಟ್ ಒಣಗುತ್ತದೆಯೇ? ಗಂಡಿನ ಅಪ್ಪ ಒರಗಿ ಕೂತು ಎದ್ದಾಗ ಬಿಳಿ ಅಂಗಿಯ ಬೆನ್ನೆಲ್ಲ ಬೂದು. ಸಂಬಂಧ ಅಲ್ಲಿಗೇ ಮುರಿಯಿತು.

ಈಗ ಮಗರಾಯ ಸಿಮೆಂಟ್ ಕಂಬಕ್ಕೆ ಮರದ ಗೆರೆ ಬರೆಸಿದ್ದಾನೆ.

"ಥೇಟ್ ಹಲಸಿನ ಕಂಬ ಕಣೋ, ಒರಗ್ಕೊಂಡು ಕೂತ್ಕೋ," ಎಂದ.

ನಾನು ನಿಂತೇ ಕಾಫಿ ಕುಡಿದೆ.